ಅಟಲ್ ಸುರಂಗ ಲಾಹೌಲ್‌ಗೆ, ಸ್ಪಿತಿಗಲ್ಲ

‘ಅಟಲ್ ಸುರಂಗ ಬಂದಮೇಲೆ ಲಾಹೌಲ್-ಸ್ಪಿತಿ ಜಿಲ್ಲೆಗೆ ವರ್ಷವಿಡೀ ದಾರಿ’ ಎಂದು ಹಿಮಾಚಲ ಪ್ರದೇಶದ ಬಗೆಗಿನ ಒಂದು ಲೇಖನದಲ್ಲಿದೆ. ಅರ್ಧ ಮಾತ್ರ ಸರಿ. 2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿ.ಮೀ. ಸುರಂಗ ಮನಾಲಿ ಕಡೆಯಿಂದ ರೋಹ್ತಾಂಗ್ ಕಣಿವೆದಾರಿಯ ಅಡಿಯಲ್ಲಿ ಹಾದು ಲಾಹೌಲ್ ಕಣಿವೆಗೆ ಬಿಡುತ್ತದೆ, ಅಷ್ಟೇ. ಸ್ಪಿತಿಗೆ ಅಲ್ಲಿಂದ ಮುಂದೆ ಸುಮಾರು 4,550 ಮೀಟರ್ ಎತ್ತರದ ಕುಂಜುಂ ಕಣಿವೆದಾರಿ ದಾಟಬೇಕು. ಅದು ಚಳಿಗಾಲವಿಡೀ ಹಿಮದಡಿ. ತೆರೆಯುವ ಹೊತ್ತಿಗೆ ಮೇ ಕೊನೆಯೋ ಜೂನೋ ಆಗಿರುತ್ತದೆ.

ಜಿಲ್ಲೆ ಒಂದಾದರೂ ನೀರು ಎರಡು ದಿಕ್ಕಿಗೆ. ಲಾಹೌಲ್‌ನ ಚಂದ್ರಾ, ಭಾಗಾ ನದಿಗಳು ತಾಂಡಿಯಲ್ಲಿ ಕೂಡಿ ಚಿನಾಬ್ ಆಗುತ್ತವೆ. ಸ್ಪಿತಿ ನದಿ ಖಾಬ್ ಬಳಿ ಸಟ್ಲೆಜ್ ಸೇರುತ್ತದೆ. ಜಿಲ್ಲಾಕೇಂದ್ರ ಕೇಲಾಂಗ್. ಸ್ಪಿತಿಯ ಮುಖ್ಯ ಊರಾದ ಕಾಜಾದವರು ಚಳಿಗಾಲದಲ್ಲಿ ಅಲ್ಲಿಗೆ ಹೋಗಬೇಕೆಂದರೆ ಕಿನ್ನೌರ್, ಶಿಮ್ಲಾ, ಮನಾಲಿ ಸುತ್ತಿ ಏಳುನೂರು ಕಿ.ಮೀ. ಆಸುಪಾಸು! ಕಾಜಾದಲ್ಲೇ ಹೆಚ್ಚುವರಿ ಜಿಲ್ಲಾಧಿಕಾರಿಯನ್ನು ಕೂರಿಸಿರುವುದು ಸುಮ್ಮನೆ ಅಲ್ಲ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 31,564, ಚದರ ಕಿ.ಮೀ.ಗೆ ಇಬ್ಬರು.

ಬೇಸಿಗೆಯಲ್ಲಿ ಮನಾಲಿ ಕಡೆಯಿಂದ ಕಾಜಾಕ್ಕೆ ಹೊರಡುವವರು ಗ್ರಾಂಫು-ಬಾತಲ್ ನಡುವಿನ ಹಳ್ಳಗಳನ್ನು ಬೆಳಗ್ಗೆಯೇ ದಾಟಿಬಿಡಿ. ಬಿಸಿಲೇರಿದಂತೆ ಹಿಮ ಕರಗಿ, ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನ ಬೈಕಿನ ಸೈಲೆನ್ಸರ್‌ಗೆ ನುಗ್ಗುತ್ತದೆ. ಇಂಜಿನ್ ನಿಂತರೆ ನೀರೊಳಗೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ, ತಳ್ಳಿಕೊಂಡೇ ದಡ ಸೇರಿಸಿ. ಈ ದಾರಿಯಲ್ಲಿ ಪೆಟ್ರೋಲ್ ನೆಚ್ಚಬೇಡಿ. ಟ್ಯಾಂಕ್ ತುಂಬಿಸಿಯೇ ಹೊರಡಿ, ಮುಂದಿನ ಭರವಸೆ ಕಾಜಾ ಬಂಕ್.