ಕಾರಿನ ಹಿಂದೆ ಬರೆದ ಗದ್ದೆ

ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮುಂದಿನ ಗಾಡಿಗಳ ಬೆನ್ನು ಓದಿ. ಟೊಯೋಟಾ, ಹೋಂಡಾ, ಸುಜುಕಿ. ಮೂರೂ ಜಪಾನಿನ ಮನೆತನದ ಹೆಸರುಗಳೇ. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ಮೂಲದಲ್ಲಿ ಟೊಯೋಡಾ, ಅಂದರೆ ಸಮೃದ್ಧ ಗದ್ದೆ. 1936ರಲ್ಲಿ ‘ಡಾ’ ಹೋಗಿ ‘ಟಾ’ ಬಂತು. ಕತಕಾನಾ ಲಿಪಿಯಲ್ಲಿ ಹಾಗೆ ಬರೆದರೆ ಎಂಟೇ ಗೆರೆ, ಎಂಟು ಅವರಿಗೆ ಶುಭ. (ಸಂಖ್ಯಾಶಾಸ್ತ್ರದ ಹುಚ್ಚು ನಮಗೆ ಮಾತ್ರ ಅಂದುಕೊಂಡಿದ್ದಿರಾ?) ಹೋಂಡಾ ಅಂದರೆ ಮೂಲ ಗದ್ದೆ.

ಇದನ್ನು ಹೇಳಿದ ಕೂಡಲೇ ‘ಆಹಾ, ಎಂಥ ಪ್ರಕೃತಿಪ್ರೇಮ, ಹೆಸರಿನಲ್ಲೇ ಕಾವ್ಯ’ ಅನ್ನುವವರಿದ್ದಾರೆ. ವಾಟ್ಸಾಪಿನಲ್ಲಿ ಓಡಾಡುವ ‘ಜಪಾನಿ ಹೆಸರುಗಳು ಮತ್ತು ಅರ್ಥ’ ಪಟ್ಟಿಗಳ ಧಾಟಿಯೂ ಅದೇ. ನನಗೆ ಇದರಲ್ಲಿ ನಂಬಿಕೆಯಿಲ್ಲ. ತನಾಕಾ ಅಂದರೆ ಗದ್ದೆಯ ನಡುವೆ, ಯಮಾಮೊಟೊ ಬೆಟ್ಟದ ಬುಡ, ನಕಾಮುರಾ ನಡುಹಳ್ಳಿ, ಕಿನೋಶಿತಾ ಮರದ ಕೆಳಗೆ. ಇದು ಕಾವ್ಯವಲ್ಲ ಮಾರಾಯ್ರೇ, ವಿಳಾಸ!

ಹಿಂದೆ ಮನೆತನದ ಹೆಸರನ್ನು ಅಧಿಕೃತವಾಗಿ ಹೇಳಿಕೊಳ್ಳುವ ಹಕ್ಕು ಬಹುಮಟ್ಟಿಗೆ ಸಮುರಾಯ್‌ಗಳಂಥ ಮೇಲಿನವರಿಗೆ ಮಾತ್ರ ಇತ್ತು. ರೈತರಲ್ಲೂ ಅನೇಕರಿಗೆ ಹೆಸರಿದ್ದವು, ಕಾಗದದಲ್ಲಿ ಬರೆಯುವಂತಿರಲಿಲ್ಲ. ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ 1870ರಲ್ಲಿ ಎಲ್ಲರಿಗೂ ಅನುಮತಿ ಕೊಟ್ಟಿತು, ಜನ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. 1875ರಲ್ಲಿ ಕಡ್ಡಾಯ ಮಾಡಿತು. ಸೈನ್ಯಕ್ಕೆ ಸೇರಿಸಲು, ತೆರಿಗೆ ಎತ್ತಲು ಪಟ್ಟಿ ಬೇಕಿತ್ತಲ್ಲ.

ಜಪಾನಿಯರು ಹೆಸರು ಬರೆಯುವ ಚೀನೀ ಮೂಲದ ಅಕ್ಷರಗಳಲ್ಲಿ ಒಂದೊಂದಕ್ಕೂ ಅರ್ಥವಿದೆ, ಓದುವ ಬಗೆ ಮಾತ್ರ ಹಲವು. ಆದರೆ ಬರೆದ ಅಕ್ಷರವನ್ನೇ ಅರ್ಥ ಅಂದುಕೊಂಡರೂ ಕೆಟ್ಟಿರಿ. ಸುಜುಕಿಯನ್ನು ‘ಕಿರುಗಂಟೆ’ ಮತ್ತು ‘ಮರ’ ಎಂಬ ಅಕ್ಷರಗಳಿಂದ ಬರೆಯುತ್ತಾರೆ, ಪಟ್ಟಿಗಳೂ ಹಾಗೇ ಹೇಳುತ್ತವೆ. ಆದರೆ ಕುಮಾನೊ ಸೀಮೆಯಲ್ಲಿ ಭತ್ತದ ಬಣವೆಗೆ ಇದ್ದ ಮಾತಿನಿಂದ ಆ ಹೆಸರು ಬಂತು, ಗಂಟೆ, ಮರ ಎಲ್ಲ ಆಮೇಲೆ ಉಚ್ಚಾರಕ್ಕೆ ಹೊಂದಿಸಿದ್ದು ಎಂಬ ವಿವರಣೆಯೇ ಹೆಚ್ಚು ಪ್ರಚಲಿತ.

ನಿಜವಾದ ಕುಶಾಲು ಬೇಕಾದರೆ ಅಪರೂಪದ ಹೆಸರುಗಳಿಗೆ ಹೋಗಬೇಕು. ‘ಪುಟ್ಟ ಹಕ್ಕಿಗಳ ಆಟ’ ಎಂದು ಅರ್ಥ ಬರುವ ಮೂರು ಅಕ್ಷರ ಬರೆದು ತಕಾನಾಶಿ ಎಂದು ಓದುತ್ತಾರೆ. ತಕಾನಾಶಿ ಅಂದರೆ ಗಿಡುಗ ಇಲ್ಲ. ಗಿಡುಗ ಇಲ್ಲದ ಕಡೆ ತಾನೇ ಪುಟ್ಟ ಹಕ್ಕಿಗಳು ಹಾಯಾಗಿ ಆಡುವುದು! ಇನ್ನೊಂದು ಹೆಸರನ್ನು ‘ನಾಲ್ಕನೇ ತಿಂಗಳು ಒಂದನೇ ದಿನ’ ಎಂದೇ ಬರೆದು ವತಾನುಕಿ ಎಂದು ಓದುತ್ತಾರೆ. ವತಾನುಕಿ ಅಂದರೆ ಹತ್ತಿ ತೆಗೆಯುವುದು. ಹಳೆಯ ಪಂಚಾಂಗದ ಆ ದಿನ ಚಳಿಗಾಲದ ಬಟ್ಟೆಯೊಳಗಿನ ಹತ್ತಿ ತೆಗೆಯುವ ರೂಢಿಯಿತ್ತು. ಹೆಸರಲ್ಲ, ಒಗಟು.

ಇಟ್ಟ ಹೆಸರಿನ ಕಥೆ ಬೇರೆ. ಅಪ್ಪ ಅಮ್ಮ ಕೂತು ಯೋಚಿಸುವುದು ಇಲ್ಲಿ. ‘ಯೂಕೊ ಅಂದರೇನು?’ ಎಂದು ಕೇಳಿದರೆ ಉತ್ತರವಿಲ್ಲ. ಯಾವ ‘ಯೂ’? ಸೌಮ್ಯತೆಯದೋ, ಸಮೃದ್ಧಿಯದೋ, ಸಂಜೆಯದೋ? ಕಿವಿಗೆ ಎಲ್ಲ ಒಂದೇ, ಕಾಗದದ ಮೇಲೆ ಮೂವರು ಬೇರೆ ಬೇರೆ ಹುಡುಗಿಯರು. ಕೊನೆಯ ‘ಕೊ’ ಅಂದರೆ ಮಗು. ಮೊದಲು ಅರಮನೆ, ಶ್ರೀಮಂತರ ಮನೆಗಳ ಹೆಣ್ಣುಮಕ್ಕಳಿಗೆ ಇದ್ದದ್ದು, 20ನೇ ಶತಮಾನದಲ್ಲಿ ಮನೆಮನೆಗೂ ಬಂತು, ಈಗ ಅಜ್ಜಿಯರ ಕಾಲದ್ದೆನಿಸಿ ಹೊಸ ಮಕ್ಕಳಲ್ಲಿ ಕಡಿಮೆ. ಅರಮನೆ ಮಾತ್ರ ಬಿಟ್ಟಿಲ್ಲ. 2001ರಲ್ಲಿ ಹುಟ್ಟಿದ ರಾಜಕುಮಾರಿಗೆ ಐಕೊ ಎಂದಿಟ್ಟರು. ಇತರರನ್ನು ಪ್ರೀತಿಸುವವರನ್ನು ಇತರರೂ ಪ್ರೀತಿಸುತ್ತಾರೆ ಎಂಬ, ಚೀನಾದ ಪ್ರಾಚೀನ ತತ್ವಜ್ಞಾನಿ ಮೆನ್ಶಿಯಸ್‌ನ ಮಾತಿನಿಂದ ಆಯ್ದದ್ದು.

ಹೆಸರಿಗೆ ಬಳಸಬಹುದಾದ ಅಕ್ಷರಗಳಿಗೆ ಸರ್ಕಾರದ ಪಟ್ಟಿಯಿದೆ, ಸುಮಾರು 3,000. ಆದರೆ ಅವನ್ನು ಹೇಗೆ ಓದಬೇಕೆಂಬುದು ಮನೆಯವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಹಾಗಾಗಿ ಮೇಷ್ಟ್ರು ಹಾಜರಿ ಕರೆಯಲು ತಡವರಿಸುವಂಥ ಹೆಸರುಗಳು ಹುಟ್ಟಿಕೊಂಡವು. 1993ರಲ್ಲಿ ಟೋಕಿಯೋದ ಅಕಿಶಿಮಾದಲ್ಲಿ ಒಬ್ಬ ತಂದೆ ಮಗನಿಗೆ ‘ಅಕುಮಾ’, ಅಂದರೆ ಪಿಶಾಚಿ, ಎಂದು ಹೆಸರಿಡಲು ಹೊರಟು ಕೋರ್ಟಿನವರೆಗೂ ಹೋದ. ಕೊನೆಗೆ ಮಗುವಿಗೆ ಬೇರೆ ಹೆಸರಾಯಿತು. 2025ರ ಮೇ ತಿಂಗಳಿಂದ ಕುಟುಂಬ ದಾಖಲೆಯಲ್ಲಿ ಉಚ್ಚಾರವನ್ನೂ ಬರೆಸಬೇಕು, ಅದು ಸಾಮಾನ್ಯವಾಗಿ ಒಪ್ಪುವಂಥದ್ದಾಗಿರಬೇಕು. ಮಕ್ಕಳ ದೃಷ್ಟಿಯಿಂದ ನ್ಯಾಯವೇ. ಆದರೂ ಗಿಡುಗವಿಲ್ಲದ ಹಕ್ಕಿಗಳಂಥ ಚೇಷ್ಟೆಯನ್ನು ಇವತ್ತು ಯಾರಾದರೂ ಮಗುವಿನ ಹೆಸರಿನಲ್ಲಿ ಮಾಡಹೊರಟರೆ ಗುಮಾಸ್ತರು ಒಪ್ಪುತ್ತಾರೆಯೇ ಎಂಬುದು ನನ್ನ ಅನುಮಾನ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಮದುವೆಯಾದ ದಂಪತಿಗೆ ಅಲ್ಲಿ ಒಂದೇ ಮನೆತನದ ಹೆಸರಿರಬೇಕು, ಅದು ಕಾನೂನು. ಯಾರದ್ದಾದರೂ ಆಗಬಹುದು ಎಂದು ಬರೆದಿದೆ, ಆದರೆ ಸುಮಾರು 95% ಜೋಡಿಗಳಲ್ಲಿ ಬಿಟ್ಟುಕೊಡುವವಳು ಹೆಂಡತಿ. 2015ರಲ್ಲೂ 2021ರಲ್ಲೂ ಅಲ್ಲಿನ ಸುಪ್ರೀಂ ಕೋರ್ಟು ಇದು ಸಂವಿಧಾನಬದ್ಧ ಎಂದೇ ಹೇಳಿತು. ಬೇಕಾದವರು ಒಂದೇ ಹೆಸರು ಇಟ್ಟುಕೊಳ್ಳಲಿ, ಬೇಡದವರು ತಮ್ಮ ತಮ್ಮದನ್ನೇ ಉಳಿಸಿಕೊಳ್ಳಲಿ ಎಂದರೆ ಯಾರ ಗಂಟು ಹೋಗುತ್ತದೆ? ಮಗುವಿನ ಹೆಸರಿಗೆ ಗೆರೆ ಎಣಿಸಿ ಅಕ್ಷರ ಆರಿಸುವ ಸಮಾಜ, ವಯಸ್ಸಿಗೆ ಬಂದ ಹೆಂಗಸಿಗೆ ತನ್ನ ಹೆಸರು ಆರಿಸಿಕೊಳ್ಳಲು ಬಿಡುವುದಿಲ್ಲ ಅಂದರೆ ಏನು ಹೇಳೋಣ?