ಡಿಸೆಂಬರ್ 2ರಂದು ಯಾರೂ ಹೇಳದ ಎರಡು ಹೆಸರುಗಳು

ನಿನ್ನೆಯಿಂದ ಮನಸ್ಸು ಕುದಿಯುತ್ತಿದೆ. ರಾತ್ರಿ ಸರಿಯಾಗಿ ನಿದ್ದೆ ಹತ್ತಲಿಲ್ಲ. ಬರೆದು ಹಗುರಾಗೋಣವೆಂದು ಬೆಳಿಗ್ಗೆಯೇ ಕುಳಿತಿದ್ದೇನೆ. ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ಊರ ಕಡೆಯ ಕಾಲೇಜೊಂದರಲ್ಲಿ ನಿನ್ನೆ ರಾಷ್ಟ್ರೀಯ ಮಾಲಿನ್ಯ ನಿಯಂತ್ರಣ ದಿನದ ಕಾರ್ಯಕ್ರಮವಿತ್ತು. ನಿವೃತ್ತ ವಿಜ್ಞಾನ ಶಿಕ್ಷಕಿ ಎಂದು ನನ್ನನ್ನೂ ವೇದಿಕೆಗೆ ಕರೆದಿದ್ದರು. ಪ್ರಾರ್ಥನೆ, ಸ್ವಾಗತ, ಸಸಿಗೆ ನೀರೆರೆಯುವುದು ಎಲ್ಲ ಮುಗಿದು, ಮುಖ್ಯ ಅತಿಥಿಗಳು ನಲವತ್ತು ನಿಮಿಷ ಮಾತನಾಡಿದರು. ಪ್ಲಾಸ್ಟಿಕ್ ಚೀಲ ಬಿಡಿ, ಸಂತೆಗೆ ಹೋಗುವಾಗ ಬಟ್ಟೆಯ ಚೀಲ ಒಯ್ಯಿರಿ, ಹುಟ್ಟುಹಬ್ಬಕ್ಕೊಂದು ಗಿಡ ನೆಡಿ ಎಂದರು. ಮಕ್ಕಳು ಎದ್ದು ನಿಂತು, ಬಲಗೈ ಚಾಚಿ, ಪರಿಸರವನ್ನು ಕೆಡಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಅಷ್ಟು ಹೊತ್ತಿನಲ್ಲಿ, ವಿಷಾನಿಲ ಸೋರಿ ಸಾವಿರಾರು ಮಂದಿ ಸತ್ತ ಊರಿನ ಹೆಸರು, ಭೋಪಾಲ ಎಂಬ ಮೂರಕ್ಷರ, ಯಾರ ಬಾಯಿಂದಲೂ ಬರಲಿಲ್ಲ.

ಕೊನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು, "ಸರ್, ಈ ದಿನವನ್ನು ಡಿಸೆಂಬರ್ 2ರಂದೇ ಆಚರಿಸುವುದು ಯಾಕೆ?" ಎಂದು ಕೇಳಿದಳು. ನಿರೂಪಕರು ಗಡಿಯಾರ ನೋಡಿ, ಸಮಯದ ಅಭಾವವಿದೆ ಎಂದು ಹೇಳಿ ವಂದನಾರ್ಪಣೆಗೆ ಕರೆದುಬಿಟ್ಟರು. ಹುಡುಗಿ ಇನ್ನೂ ನಿಂತೇ ಇದ್ದಳು. ಪಕ್ಕದವಳು ದುಪಟ್ಟಾ ಹಿಡಿದು ಎಳೆದ ಮೇಲೆ ಕುಳಿತಳು.

ಮೈಕ್ ನನ್ನಿಂದ ಒಂದು ಮಾರು ದೂರದಲ್ಲಿತ್ತು. ಉತ್ತರ ನನಗೆ ಗೊತ್ತಿತ್ತು. ಹೆಗಲ ಮೇಲೆ ಆಗಷ್ಟೇ ಹೊದಿಸಿದ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ. ನಾನು ಏಳಲಿಲ್ಲ. ಕರೆದವರ ಮನೆಯಲ್ಲಿ ತಪ್ಪು ಹುಡುಕಬಾರದು ಎಂಬ ಸಂಕೋಚ. ಈಗ ಬರುತ್ತಿರುವ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ.

ಕಾರ್ಯಕ್ರಮ ಮುಗಿದ ಮೇಲೆ, ಹೊಸದಾಗಿ ನೆಟ್ಟ ಸಸಿಗಳ ಹತ್ತಿರ ಆ ಹುಡುಗಿಯನ್ನು ಕರೆದು ನಿಲ್ಲಿಸಿಕೊಂಡೆ. "ಬ್ಯಾಡಗಿ ಮಾರುಕಟ್ಟೆಗೆ ಹೋಗಿದ್ದೀಯೇನಮ್ಮಾ, ಮೆಣಸಿನಕಾಯಿ ಬರುವ ಕಾಲಕ್ಕೆ?" ಎಂದು ಕೇಳಿದೆ. ಅಪ್ಪನ ಜೊತೆ ಹೋಗಿದ್ದಳಂತೆ. ಅಂಗಳದಲ್ಲಿ ಕೆಂಪು ರಾಶಿ ತೂರಿದರೆ ಸಾಕು, ಮೂಗು ಉರಿದು ಕಣ್ಣಲ್ಲಿ ನೀರು ಬರುತ್ತದೆ. ಇನ್ನು ಆ ರಾಶಿಗೇ ಬೆಂಕಿ ಬಿದ್ದರೆ? ಭೋಪಾಲದಲ್ಲಿ ಬದುಕಿ ಉಳಿದ ಬಹಳ ಮಂದಿ ಆ ರಾತ್ರಿಯ ಬಗ್ಗೆ ಹೇಳಿರುವುದು ಹಾಗೆಯೇ: ಯಾರೋ ಮೆಣಸಿನಕಾಯಿಗೆ ಬೆಂಕಿ ಹಚ್ಚಿದ್ದಾರೆ ಎಂದುಕೊಂಡೆವು, ಎಂದು.

1984ರ ಡಿಸೆಂಬರ್ 2ರ ನಡುರಾತ್ರಿ. ಯೂನಿಯನ್ ಕಾರ್ಬೈಡ್ ಕಂಪನಿಯ ಕೀಟನಾಶಕ ಕಾರ್ಖಾನೆ. 610ನೇ ಸಂಖ್ಯೆಯ ತೊಟ್ಟಿಗೆ ನೀರು ನುಗ್ಗಿ, ಸುಮಾರು 40 ಟನ್ ಮಿಥೈಲ್ ಐಸೋಸೈನೇಟ್ ಎಂಬ ವಿಷ ರಾಸಾಯನಿಕ ಕುದಿದು, ಅನಿಲವಾಗಿ ಹೊರಬಿತ್ತು. ತೊಟ್ಟಿಯನ್ನು ತಣ್ಣಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರ ದುರಸ್ತಿಯಲ್ಲಿತ್ತು. ಗೋಡೆಯಾಚೆಗೆ ಬಡವರ ಬಸ್ತಿಗಳು, ಚಳಿಗೆ ಕದ ಹಾಕಿಕೊಂಡು ಮಲಗಿದ್ದ ಜನ. ಸರ್ಕಾರದ ಲೆಕ್ಕದಲ್ಲೇ ಸತ್ತವರು ಐದು ಸಾವಿರಕ್ಕೂ ಹೆಚ್ಚು, ಬಾಧೆಗೊಳಗಾದವರು ಐದು ಲಕ್ಷಕ್ಕೂ ಹೆಚ್ಚು. ಸತ್ತವರ ಸಂಖ್ಯೆ ಅದರ ಹಲವು ಪಟ್ಟು ಎಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಅವರ ನೆನಪಿಗಾಗಿ ಇಟ್ಟ ದಿನ ಇದು. ಮಾಲಿನ್ಯ ತಡೆಯಲು ಅಧಿಕಾರಿಗಳ ಕೈಗೆ ಬಲ ಕೊಟ್ಟ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದೂ ಆ ಹೆಣಗಳ ಮೇಲೆಯೇ. ಅಂಥ ದಿನ ಬಟ್ಟೆಯ ಚೀಲದ ಬಗ್ಗೆ ಮಾತನಾಡಿ ಎದ್ದು ಬರುವುದೆಂದರೆ, ತಿಥಿಯ ಊಟಕ್ಕೆ ಹೋಗಿ ಸತ್ತವರು ಯಾರೆಂದು ಕೇಳದೆ ಉಂಡು ಬಂದ ಹಾಗೆ.

ನನ್ನನ್ನು ನಿದ್ದೆಗೆಡಿಸಿದ್ದು ಇದಷ್ಟೇ ಅಲ್ಲ. ಸತ್ತವರಿಗಾಗಿ ಬದುಕು ಸವೆಸಿದ ಇಬ್ಬರು ಹೆಂಗಸರ ಹೆಸರು ಆ ಸಭಾಂಗಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಶೀದಾ ಬೀ, ಚಂಪಾದೇವಿ ಶುಕ್ಲಾ.

ಒಬ್ಬರು ಮುಸ್ಲಿಂ, ಒಬ್ಬರು ಹಿಂದೂ. ಓದು ಬರಹ ಹೆಚ್ಚಿಲ್ಲದ ರಶೀದಾ ಬೀ ತಮ್ಮ ಕುಟುಂಬದ ಆರು ಮಂದಿಯನ್ನು ಕ್ಯಾನ್ಸರಿಗೆ ಕಳೆದುಕೊಂಡವರು. ಚಂಪಾದೇವಿ ಗಂಡನನ್ನು ಕಳೆದುಕೊಂಡರು, ಅವರ ಮೊಮ್ಮಗುವೊಂದು ಅಂಗವೈಕಲ್ಯದೊಂದಿಗೆ ಹುಟ್ಟಿತು. ಅನಿಲಕ್ಕೆ ಸಿಕ್ಕಿದ ಹೆಂಗಸರಿಗೆ ಕೆಲಸ ಕೊಡಲು ತೆರೆದ ಸ್ಟೇಷನರಿ ತಯಾರಿಕಾ ಘಟಕದಲ್ಲಿ ಇವರಿಬ್ಬರಿಗೆ ಪರಿಚಯವಾದದ್ದು. 1986ರಲ್ಲಿ ಅಲ್ಲೇ ಸಂಘ ಕಟ್ಟಿದರು. ಮೊದಲು ಕೇಳಿದ್ದು ಕೂಲಿ, ಸರಿಯಾದ ಕೂಲಿ. 1989ರಲ್ಲಿ ಸುಮಾರು ನೂರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ದೆಹಲಿಗೆ ನಡೆದೇ ಹೊರಟರು, ಪ್ರಧಾನಿಗೆ ಮನವಿ ಕೊಡಲು. ಏಳುನೂರೈವತ್ತು ಕಿಲೋಮೀಟರ್. ನಮ್ಮ ರಾಣೇಬೆನ್ನೂರಿನಿಂದ ಬೆಂಗಳೂರಿಗೆ ಹೋಗಿ ಬಂದರೂ ಅಷ್ಟಾಗುವುದಿಲ್ಲ. ಅದೂ ಎಂಥ ಶ್ವಾಸಕೋಶಗಳನ್ನು ಹೊತ್ತು ನಡೆದವರು ಎಂದು ಯೋಚಿಸಿ.

ಅದೇ ವರ್ಷ 47 ಕೋಟಿ ಡಾಲರಿಗೆ ಸರ್ಕಾರವೂ ಕಂಪನಿಯೂ ರಾಜಿಯಾದವು. ಹೆಚ್ಚಿನವರ ಕೈಗೆ ಬಂದದ್ದು ಇಪ್ಪತ್ತೈದು ಸಾವಿರ ರೂಪಾಯಿ. 2001ರಲ್ಲಿ ಯೂನಿಯನ್ ಕಾರ್ಬೈಡನ್ನು ಅಮೆರಿಕದ ಡೌ ಕೆಮಿಕಲ್ ಕಂಪನಿ ಕೊಂಡುಕೊಂಡಿತು, ಹಳೆಯ ಹೊಣೆ ತನ್ನದಲ್ಲ ಎಂದಿತು. ಆಗ ಇವರಿಬ್ಬರು ಕೈಗೆತ್ತಿಕೊಂಡದ್ದು ಪೊರಕೆ. "ಝಾಡೂ ಮಾರೋ ಡೌ ಕೋ", ಡೌ ಕಂಪನಿಗೆ ಪೊರಕೆಯಿಂದ ಬಾರಿಸಿ, ಎಂಬ ಘೋಷಣೆಯೊಂದಿಗೆ ಹೆಂಗಸರು ಕಸಬರಿಗೆ ಹಿಡಿದು ಬೀದಿಗಿಳಿದರು. ನಮ್ಮ ಕಡೆ ಹೆಂಗಸು ಕಸಬರಿಗೆ ತಿರುಗಿಸಿ ಹಿಡಿದಳೆಂದರೆ ಏನರ್ಥವೋ ಅಲ್ಲಿಯೂ ಅದೇ ಅರ್ಥ. 2002ರಲ್ಲಿ ದೆಹಲಿಯಲ್ಲಿ 19 ದಿನ ಉಪವಾಸ ಕುಳಿತರು. ಮರುವರ್ಷ ಅಮೆರಿಕಕ್ಕೇ ಹೋಗಿ, ಊರೂರು ಸುತ್ತಿ, ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ 12 ದಿನ ಅನ್ನ ಬಿಟ್ಟರು.

2004ರಲ್ಲಿ ಇಬ್ಬರಿಗೂ ಸೇರಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಒಂದು ಲಕ್ಷ ಇಪ್ಪತ್ತೈದು ಸಾವಿರ ಡಾಲರ್. ಇಬ್ಬರೂ ಆ ಹಣದಲ್ಲಿ ತಮಗೊಂದು ಮನೆ ಕಟ್ಟಿಕೊಳ್ಳಬಹುದಿತ್ತು, ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅವರು ಚಿಂಗಾರಿ ಎಂಬ ಟ್ರಸ್ಟ್ ಮಾಡಿದರು. ಅನಿಲದ, ಆ ಕಾರ್ಖಾನೆಯ ವಿಷ ಇಳಿದ ನೀರಿನ ಬಾಧೆಗೆ ಸಿಕ್ಕಿದ ಮನೆಗಳಲ್ಲಿ ಹುಟ್ಟಿದ, ನಡೆಯಲಾರದ, ಮಾತನಾಡಲಾರದ ಮಕ್ಕಳಿಗೆ ಅಲ್ಲಿ ಉಚಿತ ಚಿಕಿತ್ಸೆ. ಜೊತೆಗೆ, ತಮ್ಮಂತೆಯೇ ಕಂಪನಿಗಳ ಅನ್ಯಾಯಕ್ಕೆ ಎದುರು ನಿಂತ ಹೆಂಗಸರಿಗೆ ಕೊಡಲು ಒಂದು ಪ್ರಶಸ್ತಿಯನ್ನೂ ಇಟ್ಟರು. ಒಡಿಶಾದ ಕಾಶಿಪುರದ ಆದಿವಾಸಿ ಹೋರಾಟಗಾರ್ತಿ ಮುಕ್ತಾ ಜೋಡಿಯಾ ಅವರಿಗೆ ಅದು ಸಂದಿತು. ತನಗೆ ಬಂದ ಗೌರವವನ್ನು ಇನ್ನೊಬ್ಬಳ ಮಡಿಲಿಗೆ ದಾಟಿಸುವುದನ್ನು ಇವರಿಂದ ಕಲಿಯಬೇಕು. ನನ್ನ ಮಡಿಲಲ್ಲಿದ್ದ ಹಣ್ಣಿನ ಬುಟ್ಟಿ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಸಂಜೆ ಸಹೋದ್ಯೋಗಿಯಾಗಿದ್ದ ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. "ಮಕ್ಕಳ ಮುಂದೆ ಸಾವಿನ ಕಥೆ ಯಾಕೆ? ಪ್ಲಾಸ್ಟಿಕ್ ಬಗ್ಗೆ ಹೇಳಿದರೆ ಮನೆಗೆ ಹೋಗಿ ಪಾಲಿಸುತ್ತಾರೆ. ಕಾರ್ಖಾನೆಗಳ ಬಗ್ಗೆ ಹೇಳಿದರೆ ನಾಳೆ ಅಲ್ಲಿಯೇ ಕೆಲಸ ಹುಡುಕಬೇಕಾದ ಮಕ್ಕಳು ಏನು ಮಾಡಬೇಕು?" ಎಂದಳು. ಒಳ್ಳೆಯವಳು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಾನು ಒಪ್ಪುವುದಿಲ್ಲ. ಮಗುವಿನ ಕೈಯಲ್ಲಿರುವ ಚೀಲವೇ ಮಾಲಿನ್ಯ ಎಂದು ಕಲಿಸಿದರೆ ತಪ್ಪೆಲ್ಲ ಮಗುವಿನ ತಲೆಗೆ ಬರುತ್ತದೆ. ತಣ್ಣಗಿಡುವ ಯಂತ್ರವನ್ನು ನಿಲ್ಲಿಸಲು ಹೇಳಿದವರು ಪ್ರತಿಜ್ಞೆ ಮಾಡಲು ಯಾವ ಸಭೆಗೂ ಬರುವುದಿಲ್ಲ. ಇನ್ನು ಕೆಲಸದ ಮಾತು: ರಶೀದಾ ಬೀ, ಚಂಪಾದೇವಿ ಇಬ್ಬರೂ ದುಡಿದು ತಿನ್ನುವವರೇ, ಕೂಲಿಗಾಗಿ ಹೋರಾಡಿದವರೇ. ಕೆಲಸ ಬೇಡ ಎಂದು ಅವರು ಯಾವಾಗ ಹೇಳಿದರು? ನಾಳೆ ಕಾರ್ಖಾನೆಗೆ ಹೋಗುವ ಮಕ್ಕಳಿಗೇ ಈ ಹೆಸರುಗಳು ಮೊದಲು ಗೊತ್ತಿರಬೇಕು.

ಇದು ದೂರದ ಊರಿನ ಮಾತೂ ಅಲ್ಲ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು ನಾನು. ಕಾರ್ಖಾನೆಯ ಕೊಳೆ ಸೇರಿ ಹೊಳೆಯ ನೀರು ಕಂದು ಬಣ್ಣಕ್ಕೆ ತಿರುಗಿ ನಾರುತ್ತಿದ್ದ ದಿನಗಳಲ್ಲಿ ಅವ್ವ ಬಿಳಿ ಪಂಚೆಯನ್ನು ನಾಲ್ಕು ಪದರ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುತ್ತಿದ್ದಳು. ಒಗೆದರೂ ಆ ಪಂಚೆಯ ಕಲೆ ಹೋಗುತ್ತಿರಲಿಲ್ಲ. ಹೊಳೆಗಾಗಿ, ಗೋಮಾಳಗಳಿಗಾಗಿ ಹೋರಾಡಿದವರು ನಮ್ಮಲ್ಲೂ ಇದ್ದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯಿತ್ತು. 1987ರಲ್ಲಿ ಕುಸನೂರಿನಲ್ಲಿ ರೈತರು, ಊರಿನ ಗೋಮಾಳದಲ್ಲಿ ಕಾರ್ಖಾನೆಗಾಗಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು ಜನರಿಗೆ ಬೇಕಾದ ಗಿಡ ನೆಟ್ಟ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹವಿತ್ತು. ಶಿವರಾಮ ಕಾರಂತರು ಆ ನೆಲಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋದರು. ಸಸಿ ನೆಡುವ ಮಕ್ಕಳಿಗೆ, ಇದೇ ಜಿಲ್ಲೆಯಲ್ಲಿ ಸಸಿ ಕಿತ್ತದ್ದೂ ಪರಿಸರದ ಕೆಲಸವಾಗಿತ್ತು ಎಂದು ಯಾರು ಹೇಳಬೇಕು?

ನಾನು ಹೇಳಬೇಕಿತ್ತು. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಮಿಥೈಲ್ ಐಸೋಸೈನೇಟಿನ ಸೂತ್ರವನ್ನು ಬೋರ್ಡಿನ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆ, ಅಡಿಗೆರೆ ಹಾಕಿಕೊಳ್ಳಿ ಎಂದಿದ್ದೇನೆ. ಈ ಇಬ್ಬರ ಹೆಸರನ್ನು ಒಮ್ಮೆಯೂ ಬರೆಯಲಿಲ್ಲ. ನನಗೇ ತಿಳಿದದ್ದು ನಿವೃತ್ತಿಯ ನಂತರ. "ಅಕ್ಕೋರೇ" ಎಂದು ಇಂದಿಗೂ ಕರೆಯುವ ನನ್ನ ಹಳೆಯ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ.

ಭೋಪಾಲದ್ದು ಮುಗಿದ ಕಥೆ ಎನ್ನುವವರಿಗೆ ಒಂದೇ ಮಾತು. ಆ ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು ಮಧ್ಯಪ್ರದೇಶದ ಪೀಥಮ್‌ಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ಸುಟ್ಟು ಮುಗಿಸಿದ್ದು ಜೂನ್‌ನಲ್ಲಿ. ನಲವತ್ತು ವರ್ಷ ಬೇಕಾಯಿತು. ನೆಲಕ್ಕೆ ಇಳಿದ ವಿಷ ನೆಲದಲ್ಲೇ ಇದೆ. 2010ರಲ್ಲಿ ತಪ್ಪಿತಸ್ಥರೆಂದು ತೀರ್ಪಾದವರಿಗೆ ಸಿಕ್ಕಿದ್ದು ಎರಡು ವರ್ಷದ ಶಿಕ್ಷೆ, ಅಂದೇ ಜಾಮೀನು.

ಹುಡುಗಿಯ ಹತ್ತಿರ ಕಾಗದವಿರಲಿಲ್ಲ. ಪ್ರತಿಜ್ಞೆಯ ಹಾಳೆಯ ಹಿಂಬದಿಯಲ್ಲಿ ಎರಡೂ ಹೆಸರು ಬರೆದುಕೊಂಡಳು. ಇಂದು ಬೆಳಿಗ್ಗೆ ಪ್ರಾಂಶುಪಾಲರಿಗೆ ಫೋನ್ ಮಾಡಿ ನಿನ್ನೆ ಆಡದ ಮಾತನ್ನು ಆಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ನಂತರ ಹತ್ತು ನಿಮಿಷ ಕೊಡುತ್ತೇನೆ ಎಂದರು. ನಾನು ಮಾತನಾಡುವುದಿಲ್ಲ, ಆ ಹುಡುಗಿಯೇ ಮಾತನಾಡಲಿ ಎಂದು ಕೇಳಿಕೊಂಡಿದ್ದೇನೆ. ಒಪ್ಪಿದ್ದಾರೆ. ನಾನು ಕೊನೆಯ ಸಾಲಿನಲ್ಲಿ ಕುಳಿತು ಕೇಳುತ್ತೇನೆ.