ಟೈಫಾಯ್ಡ್ ಅಂತ ಬರೆದಿದ್ದೆವು

ನನ್ನ ಕಾಯಿಲೆಗೆ ಟೈಫಾಯ್ಡ್ ಅಂತ ಹೆಸರಿಟ್ಟವರು ದೊಡ್ಡಪ್ಪ. "ನಾಳೆ ಕೂಸಿನ ಮದ್ವೆ ಮಾಡವು, ಆ ಹೆಸರು ಕಾಗದದಲ್ಲಿ ಬ್ಯಾಡ" ಅಂದರು. ಆಯಿ ಸುಮ್ಮನಿದ್ದಳು. ಕಾಲೇಜಿಗೆ ಹೋದ ರಜಾ ಅರ್ಜಿಯಲ್ಲಿ ಟೈಫಾಯ್ಡೇ ಇತ್ತು.

ನಿಜವಾದ ಹೆಸರು ಸ್ಕಿಜೋಫ್ರೀನಿಯಾ, ಇಲ್ಲದ ದನಿ ಕೇಳಿಸುವಂಥ ಮನಸ್ಸಿನ ಕಾಯಿಲೆ. ಬಿಎಸ್ಸಿ ಎರಡನೇ ವರ್ಷ, ಶಿರಸಿಯಲ್ಲಿ ರೂಮು ಮಾಡಿಕೊಂಡಿದ್ದೆ. ಹಂಚಿನ ಮೇಲೆ ಸುರಿಯುವ ಮಳೆಯೊಳಗಿಂದ ಇಬ್ಬರು ನನ್ನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. "ಈಗ ಅನ್ನಕ್ಕೆ ಇಡ್ತಾಳೆ ನೋಡು" ಅನ್ನುವಂಥ ಸಾದಾ ಮಾತು. ಮಳೆ ನಿಂತಿತು, ಅವರು ನಿಲ್ಲಿಸಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನ ಮೈಕಿನಲ್ಲೂ ನನಗೇ ಏನೋ ಸೂಚನೆ ಇದೆ ಅನ್ನಿಸತೊಡಗಿತು. ನಿಮಿತ್ಯ ಕೇಳಿದ್ದಾಯಿತು, ತಾಯತ ಕಟ್ಟಿದ್ದಾಯಿತು (ಈಗಲೂ ಇದೆ, ಆಯಿ ಬಿಚ್ಚಲು ಬಿಡುವುದಿಲ್ಲ). ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆ, ಡಿಮ್ಹಾನ್ಸ್.

ಹೆಚ್ಚಿನವರಿಗೆ ಇದು ಶುರುವಾಗುವುದೇ ಕಾಲೇಜಿನ ವಯಸ್ಸಿನಲ್ಲಂತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಿಗೆ ಒಬ್ಬರು. ನಮ್ಮ ಕಾಲೇಜಿನಲ್ಲಿ ಇನ್ನೂ ಒಂದೆರಡು ಟೈಫಾಯ್ಡ್ ಇರಬೇಕು.

ಓಲಾಂಜಪಿನ್ ಗುಳಿಗೆಯಿಂದ ಆ ಇಬ್ಬರ ದನಿ ಕುಗ್ಗಿತು. ಹಸಿವೆ ಹೆಚ್ಚಿ ಚೂಡಿದಾರ ಬಿಗಿಯಾಯಿತು. ಬೆಳಗ್ಗೆ ನಿದ್ದೆ ಬಿಡುತ್ತಲೇ ಇರಲಿಲ್ಲ, ಮೊದಲ ಪಿರಿಯಡ್ಡೋ ಕೆಮಿಸ್ಟ್ರಿ. ಹಾಜರಿ ಶೇ. 75ರ ಕೆಳಗೆ ಇಳಿಯಿತು. ಟೈಫಾಯ್ಡ್ ಕೈಕೊಟ್ಟದ್ದು ಇಲ್ಲೇ. ಅದು ತಿಂಗಳೊಪ್ಪತ್ತಿನಲ್ಲಿ ವಾಸಿಯಾಗುವ ಕಾಯಿಲೆ! "ಇನ್ನೆಷ್ಟು ದಿನ ನಿನ್ನ ಟೈಫಾಯ್ಡು?" ಅಂತ ಲೆಕ್ಚರರ್ ಕೇಳಿದರು, ಕ್ಲಾಸು ನಕ್ಕಿತು. ಅವರನ್ನು ಬೈಯಲಾರೆ. ನಾವು ಹೇಳಿದ ಸುಳ್ಳಿಗೆ ಅದು ತಕ್ಕ ಪ್ರಶ್ನೆಯೇ.

ಅವತ್ತಿಂದ ಗುಳಿಗೆ ಬಿಟ್ಟೆ. ಬೆಳಗ್ಗೆ ಬೇಗ ಎಚ್ಚರಾಯಿತು, ಓದಿದೆ, ಎಷ್ಟು ಖುಷಿಯಾಗಿತ್ತು ಅಂದರೆ! ಕೆಲವು ವಾರ ಕಳೆದು ಆ ಇಬ್ಬರೂ ವಾಪಸು ಬಂದರು. ಈ ಸಲ ಅವರಿಗೆ ಮಳೆ ಬೇಕಾಗಲಿಲ್ಲ. ಆ ರಾತ್ರಿ ರೂಮ್‌ಮೇಟ್ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಹಚ್ಚಿದಳು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳಿಗೂ ನಾನು ಟೈಫಾಯ್ಡ್ ಅಂತಲೇ ಹೇಳಿದ್ದೆ. ಒಂದು ಮಾತೂ ಬೈಯಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರಡಿ ಏನೇ ಕೇಳಬೇಕೆಂದರೂ ಮೊದಲು ಹೆಸರು ಹೇಳಬೇಕು. ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದು ಅದನ್ನೇ.

ಈ ಸೆಮಿಸ್ಟರಿಗೆ ನಿಜವಾದ ಸರ್ಟಿಫಿಕೇಟ್ ಕೊಟ್ಟೆ. ಆಫೀಸಿನ ಗುಮಾಸ್ತರು ಕನ್ನಡಕ ಏರಿಸಿ ನೋಡಿ, "ಡಾಕ್ಟರ್ ಅಕ್ಷರ ತಿಳಿಯೂದಿಲ್ಲ. ಎಂತ ಕಾಯಿಲೆ ತಂಗಿ?" ಅಂದರು. ಹಿಂದೆ ಕ್ಯೂ ಇತ್ತು. ಹೇಳಿದೆ. ಬರೆದುಕೊಂಡರು.

ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ಅವರೂ ಫೇಸ್‌ಬುಕ್ಕಿನಲ್ಲಿದ್ದಾರೆ.